ಕಸ್ತೂರಿಯ ನೀಲಿ ಡ್ರಮ್ಮು

2006ರಲ್ಲಿ ನಾವು ಗೋವಾದ ಕುಂಕಳ್ಳಿಯಲ್ಲಿ, ಕಾರ್ಖಾನೆಗಳ ಹಿಂದಿನ ಚಾಳಿನಲ್ಲಿದ್ದೆವು. ನಳ ಬರುತ್ತಿದ್ದುದು ದಿನ ಬಿಟ್ಟು ದಿನ, ಅದೂ ಒಂದೇ ತಾಸು. ನನ್ನ ಮನೆಯಲ್ಲಿ ಇದ್ದದ್ದು ನಾಲ್ಕು ಕೊಡ. ಮಗ್ಗುಲ ಮನೆಯ ಕಸ್ತೂರಿಗೆ ಅವಳ ಗಂಡ ಗುಜರಿ ಅಂಗಡಿಯಿಂದ ಎದೆಮಟ್ಟದ ನೀಲಿ ಡ್ರಮ್ಮು ತಂದುಕೊಟ್ಟ. ಅವಳು ಅದನ್ನು ಬೂದಿ, ಸೋಪು ಹಾಕಿ ತಿಕ್ಕಿ ತೊಳೆದು, ಅರಿಸಿನ ಕುಂಕುಮ ಹಚ್ಚಿ ನೀರು ತುಂಬಿಸಿದಳು.

ನನಗೆ ಹೊಟ್ಟೆ ಉರಿಯಿತು. ಮೊದಲೇ ಅವಳು ನನಗಿಂತ ಚೆಲುವೆ, ಗಂಡ ಸೆರೆ ಕುಡಿಯುವವನಲ್ಲ. ಈಗ ಡ್ರಮ್ಮು ಬೇರೆ! ನಾನು ತಂಬಿಗೆ ನೀರಿಗೂ ಹಿಂದೆಮುಂದೆ ನೋಡುವಾಗ ಅವಳು ಧಾರಾಳವಾಗಿ ತಲೆ ಮೇಲೆ ಸುರಿದುಕೊಳ್ಳುತ್ತಿದ್ದಳು.

"ನಮಗೂ ಒಂದ್ ತರ್ರಿ" ಎಂದು ಕಾರ್ಖಾನೆಯಲ್ಲಿ ದುಡಿಯುತ್ತಿದ್ದ ನನ್ನ ಗಂಡನಿಗೆ ಗಂಟುಬಿದ್ದೆ.

"ಹುಚ್ಚಿ, ಕಾರ್ಖಾನಿಗೆ ಅಂಥಾ ಡ್ರಮ್ಮಿನಾಗ ವಿಷದ ಕೆಮಿಕಲ್ ಬರತಾವು. ಎಷ್ಟ್ ತೊಳದ್ರೂ ಹೋಗಂಗಿಲ್ಲ. ಕುಡಿಯೋ ನೀರ ತುಂಬಬ್ಯಾಡಂತ ಕಸ್ತೂರಿಗೂ ಹೇಳು" ಎಂದರು.

"ಹೇಳತೇನಿ" ಅಂದೆ. ಹೇಳಲಿಲ್ಲ. ಎಷ್ಟು ದಿನ ಮೆರೆಯುತ್ತಾಳೋ ಮೆರೆಯಲಿ ಅಂದುಕೊಂಡೆ.

ಮೂರು ವರ್ಷ ಅದೇ ನೀರು. ಆಮೇಲೆ ಕಸ್ತೂರಿ ಸೊರಗತೊಡಗಿದಳು. ಬಾಯಾರಿಕೆ ತಡೆಯದೆ ಅದೇ ಡ್ರಮ್ಮಿನಿಂದ ಚೊಂಬುಗಟ್ಟಲೆ ಕುಡಿಯುತ್ತಿದ್ದಳು. ದವಾಖಾನೆಗೆ ನಾನೇ ಕರೆದುಕೊಂಡು ಹೋದೆ. ಮೂವತ್ತೂ ದಾಟದವಳಿಗೆ ಸಕ್ಕರೆ ಕಾಯಿಲೆ! ಡಾಕ್ಟರು ಊಟ, ಕೆಲಸ, ನೀರು ಎಲ್ಲ ವಿಚಾರಿಸಿದರು. ಡ್ರಮ್ಮಿನ ಮಾತು ಬಂದಾಗ ಪೆನ್ನು ಕೆಳಗಿಟ್ಟು ಹಿಂದಿಯಲ್ಲಿ ಬಿಡಿಸಿ ಹೇಳಿದರು. ಅದರಿಂದಲೇ ಬಂತೆಂದು ಹೇಳಲಾಗದು, ಆದರೆ ಕೆಲವು ವಿಷಗಳು ಮೈಯ ಕೊಬ್ಬಿನಲ್ಲಿ ವರ್ಷಗಟ್ಟಲೆ ಕೂತುಬಿಡುತ್ತವೆ, ಸಕ್ಕರೆಯ ಹದ ಕೆಡಿಸಲೂಬಹುದು, ಇವತ್ತೇ ಆ ನೀರು ಬಿಡಿ ಎಂದರು.

ಬಸ್ ಸ್ಟ್ಯಾಂಡಿನಲ್ಲಿ ತಡೆಯಲಾಗಲಿಲ್ಲ. "ಕಸ್ತೂರಿ, ಆ ಡ್ರಮ್ಮಿಂದು ನನಗ ಮೊದಲ ಗೊತ್ತಿತ್ತವಾ. ಹೊಟ್ಟಿಕಿಚ್ಚಿಗೆ ಹೇಳಲಿಲ್ಲ" ಎಂದು ಅತ್ತೆ.

ಬೈಯುತ್ತಾಳೆ, ನಾಲ್ಕು ಜನರೆದುರು ಮಾನ ಹರಾಜು ಹಾಕುತ್ತಾಳೆ ಎಂದು ಕಾದೆ. ಅವಳು, "ನೀ ಹೇಳಿದ್ರೂ ನಾ ಕೇಳತಿದ್ದಿಲ್ಲ ಬಿಡಕ್ಕಾ. ನನ್ನ ಡ್ರಮ್ಮ ನೋಡಿ ಇಕಿಗೆ ಹೊಟ್ಟಿ ಉರೀತದ ಅಂತಿದ್ದೆ" ಎಂದು ನನ್ನ ಕೈ ಹಿಡಿದುಕೊಂಡೇ ಬಸ್ಸು ಹತ್ತಿದಳು.

ಅವಳು ಇಂದಿಗೂ ಮಾತ್ರೆ ನುಂಗುತ್ತಾಳೆ. ನಾನು ಗಟ್ಟಿಯಾಗಿದ್ದೇನೆ. ಆದರೂ ಕಸ್ತೂರಿಯನ್ನು ಕಂಡರೆ ನನಗೆ ಈಗಲೂ ಹೊಟ್ಟೆಕಿಚ್ಚೇ. ಅವಳ ಜಾಗದಲ್ಲಿ ನಾನಿದ್ದಿದ್ದರೆ ಆ ಕೈ ಹಿಡಿಯುತ್ತಿರಲಿಲ್ಲ.