ಹುಲ್ಲು ಮೇಯ್ದ ವಿಮಾನ

ಆ ಪುಟ್ಟ ವಿಮಾನ ನಿಲ್ದಾಣದಲ್ಲಿ ಎಲ್ಲರೂ ಅವಳನ್ನು ಟ್ರ್ಯಾಕ್ಟರಮ್ಮ ಎಂದೇ ಕರೆಯುತ್ತಿದ್ದರು. ಅಲ್ಲಿ ಇದ್ದದ್ದಾದರೂ ಏನು? ಒಂದು ತಗಡಿನ ಷೆಡ್ಡು, ನಾಲ್ಕೈದು ಚಿಕ್ಕ ವಿಮಾನ, ಬೇಡವೆಂದರೂ ಬೆಳೆಯುವ ಹುಲ್ಲು. ಆ ಹುಲ್ಲು ಕತ್ತರಿಸಿ, ಟ್ರೇಲರಿಗೆ ತುಂಬಿ ಸಾಗಿಸುವುದು ಅವಳ ಕೆಲಸ. ಸದ್ದು ತಡೆಯಲು ಕಿವಿಗೆ ದಪ್ಪ ಮುಚ್ಚಳ ಹಾಕಿಕೊಂಡು ಟ್ರ್ಯಾಕ್ಟರಿನ ಸೀಟಿನಲ್ಲಿ ಕೂತಳೆಂದರೆ ಗಂಟಲು ಬಿಚ್ಚಿ ಹಾಡುವಳು. ತನ್ನ ಹಾಡು ತನಗೇ ಕೇಳಿಸದಿದ್ದುದರಿಂದ ಶ್ರುತಿ ತಪ್ಪುವ ಹೆದರಿಕೆಯೂ ಇರಲಿಲ್ಲ.

ಅವಳ ಭಾವ, ಅಂದರೆ ಅಕ್ಕನ ಗಂಡ, ಆಯುಷ್ಯವಿಡೀ ಕನ್ನಡಕ ಮಾರಿದವರು. ಅಂಗಡಿಯನ್ನು ಮಗಳಿಗೆ ಒಪ್ಪಿಸಿದ್ದೇ ತಡ, ವಿಮಾನ ಕಲಿಯುವ ಹುಚ್ಚು ನೆತ್ತಿಗೇರಿತು. ಅವರು ಕಲಿಯುತ್ತಿದ್ದ ಹಳೆಯ ವಿಮಾನ ನೆಲದ ಮೇಲಿದ್ದಾಗ ಮೂತಿ ಮೇಲೆತ್ತಿಕೊಂಡೇ ಇರುತ್ತಿತ್ತು. ಒಳಗೆ ಕೂತವರಿಗೆ ಎದುರು ಏನೂ ಕಾಣದು. ಹಾವಿನಂತೆ ಅತ್ತಿತ್ತ ತಿರುಗಿಸುತ್ತ, ಪಕ್ಕದ ಕಿಟಕಿಯಿಂದ ದಾರಿ ನೋಡಿಕೊಳ್ಳಬೇಕು. ಮೊದಲ ಸಲ ಒಬ್ಬರೇ ಹಾರಬೇಕಿದ್ದ ದಿನ, ಬೇಲಿಯ ಬಳಿ ನಿಂತಿದ್ದ ಹೆಂಡತಿಗೆ ಕೈ ಬೀಸುವ ಸಡಗರದಲ್ಲಿ ಭಾವ ಅದನ್ನು ಮರೆತು ನೇರ ಹೊರಟೇಬಿಟ್ಟರು. ಇತ್ತ ಟ್ರ್ಯಾಕ್ಟರಮ್ಮ ಎಡಬಲ ನೋಡದೆ ಹುಲ್ಲಿನ ಟ್ರೇಲರ್ ಎಳೆದುಕೊಂಡು ಅಡ್ಡ ಬಂದಳು.

ಧಡ್! ಸೀಟಿನಿಂದ ಗೇಣುದ್ದ ಮೇಲೆದ್ದು ಕೂತಳು. ತಿರುಗಿದರೆ, ವಿಮಾನ ಟ್ರೇಲರಿಗೆ ಮೂತಿಯಿಟ್ಟು ಹುಲ್ಲು ಮೇಯುತ್ತಿತ್ತು! ಹಸಿರು ಬಿರುಗಾಳಿಯೆದ್ದು ಆಕಾಶವೇ ಮುಚ್ಚಿಹೋಯಿತು. ಆಮೇಲೆ ಪ್ರೊಪೆಲ್ಲರ್ ಟ್ರೇಲರಿನ ಕಬ್ಬಿಣಕ್ಕೆ ಬಡಿದು, ಮುರಿದು ನಿಂತಿತು.

ಟ್ರ್ಯಾಕ್ಟರಿನಿಂದ ಧುಮುಕಿ ಅವಳು ಓಡಿದಳು. "ಭಾವಾ! ಮಾತಾಡಿ ಭಾವಾ!"

ಬಾಗಿಲು ತೆರೆದು ಹಸಿರು ತಲೆಯೊಂದು ಹೊರಬಂತು. ಬಾಯಲ್ಲಿದ್ದ ಹುಲ್ಲು ಉಗುಳಿ ಕೇಳಿತು: "ನಾನಿನ್ನೂ ಮೇಲೆ ಹೋಗಿಲ್ವೇನಮ್ಮಾ?"

"ಯಾವ ಥರಾನೂ ಹೋಗಿಲ್ಲ ಭಾವ, ಇಲ್ಲೇ ಇದೀರಿ!"

ಅಷ್ಟೇ. ಹೆದರಿಕೆಯೆಲ್ಲ ನಗುವಾಗಿ ಇಬ್ಬರಿಗೂ ನುಗ್ಗಿ ಬಂತು. ಹೊಟ್ಟೆ ಹಿಡಿದುಕೊಂಡು ನೆಲದ ಮೇಲೆ ಕುಸಿದರು. ಚಪ್ಪಲಿ ಕೈಯಲ್ಲಿ ಹಿಡಿದು ಅಕ್ಕ ಓಡಿಬಂದಳು.

"ಸತ್ತೇಹೋದ್ರಿ ಅಂತ ನಾನು ಬಾಯಿ ಬಡ್ಕೊಂಡು ಬಂದ್ರೆ ಹಲ್ಲು ಕಿರೀತಿದೀರಾ? ಊರವರ ಕಣ್ಣೆಲ್ಲ ನೋಡಿದೋರಿಗೆ ಒಂದು ಟ್ರ್ಯಾಕ್ಟರ್ ಕಾಣ್ಲಿಲ್ವಾ? ನಿನಗೇನೇ ಬಂದಿತ್ತು, ಆ ಕಿವಿ ಡಬ್ಬ ತೆಗೆದು ಅತ್ತಿತ್ತ ನೋಡೋಕೆ?"

ಬೈಯುತ್ತ ಬೈಯುತ್ತ ಗಂಡನ ಮೀಸೆಯಿಂದ ಹುಲ್ಲು ಕೀಳತೊಡಗಿದವಳಿಗೂ ನಗು ಬಂದುಬಿಟ್ಟಿತು.

ಮ್ಯಾನೇಜರಿಗೆ ಮಾತ್ರ ನಗು ಬರಲಿಲ್ಲ. ಭಾವನಿಗೆ ಪಾಠ ಮತ್ತೆ ಮೊದಲಿನಿಂದ. ದೂರಕ್ಕೂ ಕಾಣುವಂತೆ ಟ್ರ್ಯಾಕ್ಟರಿಗೆ ಕೇಸರಿ ಬಾವುಟ, ಅವಳ ಕೈಗೊಂದು ರೇಡಿಯೋ. ಮೊದಲ ದಿನವೇ ಅವಳು ಅದರ ಗುಂಡಿ ಒತ್ತಿಕೊಂಡೇ ಹಾಡಿದ್ದರಿಂದ ಆಕಾಶದಲ್ಲಿದ್ದವರೆಲ್ಲ ಕಛೇರಿ ಕೇಳುವಂತಾಯಿತು. ಅಲ್ಲಿಂದ ಮುಂದೆ ದಾರಿ ದಾಟುವ ಮುನ್ನ ರೇಡಿಯೋದಲ್ಲಿ ಕೇಳುವುದನ್ನೂ ಕಲಿತಳು, ನಿಂತು ನೋಡುವುದನ್ನೂ.

ಕೊನೆಗೂ ಭಾವನಿಗೆ ಲೈಸೆನ್ಸ್ ಸಿಕ್ಕಿತು. "ನನ್ನ ಕಾಲು ನೆಲದ ಮೇಲೇ ಇರಲಿ" ಎಂದು ಅಕ್ಕ ಕೈಮುಗಿದಳು. ಟ್ರ್ಯಾಕ್ಟರಮ್ಮ ವಿಮಾನ ಹತ್ತಿ ಕೂತಳು. ಅಷ್ಟು ವರ್ಷ ಅಲ್ಲೇ ದುಡಿದಿದ್ದರೂ ಅವಳು ಹಾರಿದ್ದು ಅದೇ ಮೊದಲು. ನೆಲ ಕೆಳಗೆ ಜಾರಿದಂತೆ ಹೊಟ್ಟೆಯಲ್ಲಿ ಕಚಗುಳಿ. ಬಗ್ಗಿ ನೋಡಿದಳು. ಮೈದಾನದ ತುಂಬ ತಾನು ಕೊಯ್ದ ಪಟ್ಟೆಗಳು, ಒಂದೂ ನೆಟ್ಟಗಿಲ್ಲ!

"ಇದ್ಯಾರಮ್ಮ ಹೀಗೆ ಕೊಯ್ದಿದ್ದು?" ಭಾವ ಕೇಳಿದರು.

"ಯಾರೋ ಕುಡಿದು ಕೊಯ್ದಿರ್ಬೇಕು ಭಾವ," ಎಂದಳು ಅವಳು. "ಇನ್ನೊಂದು ಸುತ್ತು ಹೊಡೀರಿ, ಸರಿಯಾಗಿ ನೋಡೋಣ!"