ಒಂದೇ ಕೈಯ ಬಳೆಗಳು

ನನ್ನ ಮೊಮ್ಮಗಳ ಬಿ.ಪಿ. ಇಳಿಯಿತು. ಬೇರೆ ಏನು ಹೇಳುವುದಕ್ಕೂ ಮೊದಲು ಇದನ್ನು ಹೇಳಿಬಿಡಬೇಕು, ಇಲ್ಲದಿದ್ದರೆ ಮುಂದಿನದು ನನ್ನ ಕೈಯಲ್ಲಿ ಬರೆಯಲು ಆಗುವುದಿಲ್ಲ. ಮೇಲೆ ನೂರ ಮೂವತ್ತು, ಕೆಳಗೆ ಎಂಬತ್ತು. ಡಯಾಲಿಸಿಸ್ ಯಂತ್ರ ನೋಡಿಕೊಳ್ಳುವ ಟೆಕ್ನೀಷಿಯನ್ ಒಂದು ಸಲ ನೋಡಿದರು. ಪಟ್ಟಿ ಬಿಚ್ಚಿ, ಮತ್ತೆ ಸುತ್ತಿ ನೋಡಿದರು. ಆಮೇಲೆ ಮೀಟರೇ ಕೆಟ್ಟಿರಬೇಕು ಎಂದು ಪಕ್ಕದ ಕೋಣೆಯಿಂದ ಬೇರೊಂದು ತಂದು ನೋಡಿದರು. ಅದರಲ್ಲೂ ಅಷ್ಟೇ.

ಹಲಸೂರಿಗೆ ವಾಪಸು ಬರುವಾಗ ಬಸ್ಸಿನಲ್ಲಿ ಪಕ್ಕದಲ್ಲಿ ಕೂತ ಗುರುತಿಲ್ಲದ ಹೆಂಗಸಿಗೆ ಹೇಳಿದೆ. ಆಕೆಗೆ ಕನ್ನಡ ತಿಳಿಯಲಿಲ್ಲ, ತಮಿಳಿನಲ್ಲಿ ಹೇಳಿದೆ. ಆಕೆ ಪಾಪ, ಎಷ್ಟಿದ್ದುದು ಎಷ್ಟಾಯಿತು ಎಂದು ವಿಚಾರಿಸಿದಳು. ಇನ್ನೂರ ಇಪ್ಪತ್ತು ಇತ್ತಮ್ಮಾ ಎಂದಾಗ ತನ್ನ ಎದೆಯ ಮೇಲೆ ಕೈ ಇಟ್ಟುಕೊಂಡಳು. ಮೊಮ್ಮಗಳು ನನ್ನ ಸೆರಗು ಎಳೆದು, "ಅಜ್ಜಿ, ಕಂಡಕ್ಟರ್ ಒಬ್ರು ಬಾಕಿ ಇದಾರೆ, ಅವರಿಗೂ ಹೇಳ್ಬಿಡು" ಎಂದಳು. ಹೇಳಿದೆ. ಅವರು ಚಿಲ್ಲರೆ ಕೊಡುವುದನ್ನು ಮರೆತರು, ನಾನು ಕೇಳುವುದನ್ನು ಮರೆತೆ.

ಇನ್ನು ಹಿಂದಿನದು.

ನಾನು ಕಂಟೋನ್ಮೆಂಟಿನ ಒಂದು ಕಾನ್ವೆಂಟಿನಲ್ಲಿ ಆಯಾ ಆಗಿದ್ದವಳು. ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟೆ, ಆದರೆ ಕೂದಲು ಹಣ್ಣಾದದ್ದು ಶಾಲೆಯಲ್ಲೇ. ನನ್ನ ಮಗ ಮಕ್ಕಳನ್ನು ಸ್ಕೂಲಿಗೆ ಬಿಡುವ ವ್ಯಾನು ಓಡಿಸುತ್ತಾನೆ, ಸೊಸೆ ಮನೆಯಲ್ಲೇ ಸೀರೆಗಳಿಗೆ ಫಾಲ್ಸು ಹೊಲಿಯುತ್ತಾಳೆ. ಇವರಿಗೆ ಒಬ್ಬಳೇ ಮಗಳು. ಕಾಲೇಜಿಗೆ ಸೇರಿದ ವರ್ಷವೇ ಅವಳ ಎರಡು ಕಿಡ್ನಿಯೂ ಕೈಕೊಟ್ಟವು. ವಾರಕ್ಕೆ ಮೂರು ದಿನ ಶಿವಾಜಿನಗರದ ಹತ್ತಿರದ ಒಂದು ಚಿಕ್ಕ ಆಸ್ಪತ್ರೆಯಲ್ಲಿ ಡಯಾಲಿಸಿಸ್ ಶುರುವಾಯಿತು. ಮಗನಿಗೆ ವ್ಯಾನು, ಸೊಸೆಗೆ ಹೊಲಿಗೆ. ಜೊತೆಗೆ ಹೋಗುವವಳು ನಾನು.

ಸೂಜಿ ಚುಚ್ಚಲೆಂದು ಅವಳ ಎಡಗೈಯ ನರವನ್ನು ಕೊಯ್ದು ಜೋಡಿಸಿದ್ದರು. ಆ ಕೈಯಲ್ಲಿ ಭಾರ ಎತ್ತಬಾರದು, ವಾಚು ಕಟ್ಟಬಾರದು, ಬಿ.ಪಿ. ಪಟ್ಟಿ ಸುತ್ತಬಾರದು, ಬಳೆ ತೊಡಬಾರದು. ಮಿಕ್ಕಿದ್ದಕ್ಕೆಲ್ಲ ಸರಿ ಎಂದೆ. ಬಳೆಯ ಮಾತಿಗೆ ಮಾತ್ರ ಒಪ್ಪಲು ಮನಸ್ಸಾಗಲಿಲ್ಲ. ಮದುವೆಯಾಗದ ಹುಡುಗಿಯ ಕೈ ಬೋಳು ಬಿಡುವುದು ಹೇಗೆ? ಗೌರಿ ಹಬ್ಬದ ಹಿಂದಿನ ದಿನ ಬಳೆಗಾರನ ಹತ್ತಿರ ಕೂರಿಸಿ, ಎಡಗೈಯ ಪಾಲನ್ನೂ ಬಲಗೈಗೇ ಸೇರಿಸಿ ಒಂದು ಡಜನ್ ಹಸಿರು ಗಾಜಿನ ಬಳೆ ತೊಡಿಸಿದೆ. ಬಿಗಿಯಾಗಿದ್ದವು. ಆತ ಸೋಪಿನ ನೀರು ಹಚ್ಚಿ, ಕೈ ಹಿಂಡಿ ಹಿಂಡಿ ಏರಿಸುವಷ್ಟರಲ್ಲಿ ಇವಳ ಕಣ್ಣಲ್ಲಿ ನೀರು ಬಂದಿತ್ತು.

ಆ ಹಬ್ಬ ಕಳೆದು ಚಳಿ ಬಿದ್ದ ಮೇಲೆ ಬಿ.ಪಿ. ಏರತೊಡಗಿತು. ಒಂದು ಮಾತ್ರೆ ಇದ್ದದ್ದು ಎರಡಾಯಿತು. ಎರಡಕ್ಕೂ ಬಗ್ಗದೆ ಮೂರಾಯಿತು, ಆಮೇಲೆ ಬೆಳಿಗ್ಗೆಗೊಂದು ಬಣ್ಣ, ರಾತ್ರಿಗೊಂದು ಬಣ್ಣ. ಯಾವುದಕ್ಕೂ ಅದು ಬಗ್ಗಲಿಲ್ಲ. ಮನೆಯಲ್ಲಿ ಎಲ್ಲರ ಅಡುಗೆಗೂ ಉಪ್ಪು ನಿಲ್ಲಿಸಿದೆ. ಅವಳೊಬ್ಬಳ ತಟ್ಟೆಗೆ ಸಪ್ಪೆ ಬಡಿಸಿ ನಾವು ಚಪ್ಪರಿಸಿಕೊಂಡು ತಿನ್ನುವುದು ನನ್ನಿಂದಾಗಲಿಲ್ಲ. ನೀರು ದಿನಕ್ಕೆ ಅಳತೆಯ ಲೋಟ. ಬೇಸಿಗೆಯಲ್ಲೂ ಅಷ್ಟೇ.

ಒಂದು ಮಧ್ಯಾಹ್ನ ನಾನು ಬಾಗಿಲಲ್ಲಿ ಅಕ್ಕಿ ಆರಿಸುತ್ತ ಕೂತಿದ್ದೆ. ಬಿಸಿಲು ಮನೆಯೊಳಕ್ಕೆಲ್ಲ ಚಾಚಿತ್ತು. ಬೆಳಿಗ್ಗೆಯಿಂದ ತಲೆನೋವೆಂದು ಮಲಗಿದ್ದವಳು ಎದ್ದು ಕೂತು, "ಅಜ್ಜಿ, ಲೈಟ್ ಹಾಕು" ಎಂದಳು.

ಮೊರ ಎಲ್ಲಿ ಬಿತ್ತೋ ನನಗೆ ಗೊತ್ತಿಲ್ಲ. ಆಟೋದಲ್ಲಿ ಅವಳ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು, ಕಂಡ ದೇವರನ್ನೆಲ್ಲ ಕರೆದೆ. ಎರಡು ದಿನಕ್ಕೆ ಕಣ್ಣು ಮಂಜುಮಂಜಾಗಿ ತಿರುಗಿ ಬಂದವು. ದೊಡ್ಡ ಡಾಕ್ಟರು ಮಗನನ್ನು ಪಕ್ಕಕ್ಕೆ ಕರೆದು, ಹೀಗೇ ಇದ್ದರೆ ಮುಂದಿನ ಸಲ ತಲೆಯಲ್ಲಿ ರಕ್ತನಾಳ ಒಡೆಯಬಹುದು, ಆಗ ನಮ್ಮ ಕೈಯಲ್ಲಿ ಏನೂ ಇಲ್ಲ ಎಂದರಂತೆ. ಇಷ್ಟು ಮಾತ್ರೆಗೂ ಇಳಿಯುತ್ತಿಲ್ಲವೆಂದರೆ ಹುಡುಗಿ ಕದ್ದು ನೀರು ಕುಡಿಯುತ್ತಿದ್ದಾಳೆ, ಇಲ್ಲವೇ ಮಾತ್ರೆ ಎಸೆಯುತ್ತಿದ್ದಾಳೆ, ನೋಡಿಕೊಳ್ಳಿ ಎಂದೂ ಹೇಳಿದರಂತೆ.

ಆ ಮಾತು ಮನೆಯೊಳಗೆ ಬಂದ ದಿನದಿಂದ ಮನೆ ಮನೆಯಾಗಿ ಉಳಿಯಲಿಲ್ಲ. ಮಗ ನೀರಿನ ಫಿಲ್ಟರನ್ನು ಬೀರುವಿನೊಳಗಿಟ್ಟು ಬೀಗ ಹಾಕಿದ. ಸೊಸೆ ಅವಳು ಬಚ್ಚಲಿಗೆ ಹೋದರೆ ಬಾಗಿಲ ಹೊರಗೆ ನಿಂತು ನಲ್ಲಿಯ ಸದ್ದು ಕೇಳುತ್ತಿದ್ದಳು. ನಾನು ದಿಂಬಿನ ಕೆಳಗೆ, ಹಾಸಿಗೆಯ ಮಡಿಕೆಯಲ್ಲಿ ಮಾತ್ರೆ ಹುಡುಕುತ್ತಿದ್ದೆ. ಸಿಕ್ಕಿದರೆ ಸಾಕು ಎಂದು ಒಳಗೊಳಗೇ ಬೇಡಿಕೊಳ್ಳುತ್ತಿದ್ದೆ. ಕಾರಣವೊಂದು ಸಿಕ್ಕಿದರೆ ಮಗು ಉಳಿಯುತ್ತದಲ್ಲ. ಒಂದು ದಿನ ಅವಳು ನಾನು ಹುಡುಕುವುದನ್ನು ನೋಡಿದಳು. ಕೂಗಾಡಲಿಲ್ಲ. ಹತ್ತಿರ ಬಂದು ನಾಲಿಗೆ ಚಾಚಿ, "ಮುಟ್ಟಿ ನೋಡು ಅಜ್ಜಿ" ಎಂದಳು. ಮುಟ್ಟಿದೆ. ಬಿಸಿಲಲ್ಲಿ ಬಿದ್ದ ಚರ್ಮದ ಹಾಗೆ ಇತ್ತು.

ಹಲಸೂರಿನ ದೇವಸ್ಥಾನದಲ್ಲಿ ಹರಕೆ ಹೊತ್ತೆ. ಶಿವಾಜಿನಗರದ ಚರ್ಚಿನಲ್ಲಿ ಮೇಣದಬತ್ತಿ ಹಚ್ಚಿದೆ. ದರ್ಗಾದಲ್ಲಿ ತಾಯಿತ ಕಟ್ಟಿಸಿಕೊಂಡು ಬಂದೆ. ಯಾರೂ ಬೇಡ ಎನ್ನಲಿಲ್ಲ, ಯಾರೂ ಇಳಿಸಲೂ ಇಲ್ಲ.

ಆಸ್ಪತ್ರೆಯಲ್ಲಿ ಅವಳ ಪಕ್ಕದ ಹಾಸಿಗೆಗೆ ಮಾರ್ಕೆಟ್ಟಿನ ಹಣ್ಣಿನ ವ್ಯಾಪಾರಿ ಸಾಹೇಬರೊಬ್ಬರು ಬರುತ್ತಿದ್ದರು. ಅವರಿಗೂ ಬಿ.ಪಿ. ಇಳಿಯದ ಕಾಯಿಲೆಯೇ. ಕಿಡ್ನಿಯವರಿಗೆ ಹಣ್ಣು ಕೂಡ ಕೂಡದು ತಾನೆ, ಅದನ್ನೇ ಹೇಳಿ ಇವಳನ್ನು ನಗಿಸುವರು. "ಬೇಟಿ, ಜಿಂದಗಿಯೆಲ್ಲಾ ಮೋಸಂಬಿ ಮಾರ್ದೋನು ನಾನು. ಈಗ ಅದರ ವಾಸ್ನೆ ನೋಡೋಕೂ ಡಾಕ್ಟರ್‌ದು ಪರ್ಮಿಷನ್ ಬೇಕು." ಇವಳು ನಕ್ಕರೆ, ನೋಡಮ್ಮಾ ನಿನ್ನ ಮೊಮ್ಮಗಳು ಬಡವನನ್ನು ನೋಡಿ ನಗುತ್ತಾಳೆ ಎಂದು ನನಗೆ ದೂರು ಹೇಳುವರು.

ಒಂದು ಸೋಮವಾರ ಆ ಹಾಸಿಗೆಯಲ್ಲಿ ಬೇರೆ ಯಾರೋ ಮಲಗಿದ್ದರು. ಕೇಳಿದ್ದಕ್ಕೆ ನರ್ಸು ತಲೆ ತಗ್ಗಿಸಿ ಹೇಳಿದಳು. ಭಾನುವಾರ ನಮಾಜಿಗೆಂದು ಎದ್ದವರು ಅಲ್ಲೇ ಕುಸಿದರಂತೆ, ಬಿ.ಪಿ. ಏರಿ ತಲೆಯೊಳಗೆ ರಕ್ತ ಹರಿದಿತ್ತಂತೆ. ಮೊಮ್ಮಗಳು ಯಂತ್ರದ ಕೊಳವೆಗಳನ್ನೇ ನೋಡುತ್ತ ಮಲಗಿದ್ದಳು. ಅವುಗಳಿಂದ ಕಣ್ಣು ತೆಗೆಯದೆಯೇ ಕೇಳಿದಳು.

"ಅಜ್ಜಿ, ಅವರೂ ಕದ್ದು ನೀರು ಕುಡೀತಿದ್ರಾ?"

ನಾನು ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಮುಂದಿನ ಗೌರಿ ಹಬ್ಬವನ್ನು ಈ ಹುಡುಗಿ ನೋಡುವುದಿಲ್ಲ ಎಂದು ನನಗೆ ಅನ್ನಿಸಿಬಿಟ್ಟಿತ್ತು.

ಸ್ವಲ್ಪ ದಿನಕ್ಕೆ ಆಸ್ಪತ್ರೆಗೆ ಹೊಸ ಲೇಡಿ ಡಾಕ್ಟರು ಬಂದರು, ಧಾರವಾಡದ ಕಡೆಯವರು. ಮೊದಲ ದಿನವೇ ಬಿ.ಪಿ. ತಾವೇ ನೋಡುತ್ತೇನೆಂದು ಕೂತರು. ಪಟ್ಟಿ ಸುತ್ತುವ ಮೊದಲು ನಾಡಿ ನೋಡಲೆಂದು ಬಳೆಗಳನ್ನು ಮೇಲಕ್ಕೆ ಸರಿಸಿದರು. ಸರಿಸಿದರೆ ಅವು ಝಲ್ಲೆಂದು ಮೊಣಕೈಯವರೆಗೂ ಹೋಗಿಬಿಟ್ಟವು. ಡಾಕ್ಟರು ಬಿಟ್ಟರು, ಕೆಳಗೆ ಜಾರಿದವು. ಮತ್ತೆ ಸರಿಸಿದರು.

"ಅಜ್ಜಿ, ಈ ಬಳಿ ಯಾವಾಗ ಇಡಿಸೀರಿ ಈಕಿಗೆ?"

"ಹೋದ ಗೌರಿ ಹಬ್ಬಕ್ಕಮ್ಮಾ."

"ಆವಾಗೂ ಇಷ್ಟ ಸಡ್ಲ ಇದ್ವೇನು?"

ಇಲ್ಲವೆಂದೆ. ಸೋಪಿನ ನೀರು, ಬಳೆಗಾರ ಹಿಂಡಿದ್ದು, ಇವಳು ಅತ್ತದ್ದು ಎಲ್ಲ ಹೇಳಿದೆ. ಡಾಕ್ಟರು ಕಾಗದಗಳನ್ನು ತಿರುವಿ ನೋಡಿದರು. ಡಯಾಲಿಸಿಸ್ ಮುಗಿದಾಗ ಮೈಯಲ್ಲಿ ಹೆಚ್ಚಿನ ನೀರು ಉಳಿಯದೆ ಎಷ್ಟು ತೂಕ ನಿಲ್ಲಬೇಕು ಎಂದು ಒಂದು ಲೆಕ್ಕ ಇಟ್ಟಿರುತ್ತಾರೆ. ಇವಳಿಗೆ ಮೊದಲ ದಿನ ನಲವತ್ತೆಂಟು ಕೆ.ಜಿ. ಎಂದು ಇಟ್ಟಿದ್ದರು. ಪ್ರತಿ ಸಲ ತಕ್ಕಡಿ ಹತ್ತಿ ಇಳಿದಾಗ ನಲವತ್ತೆಂಟೇ. ಕಾಲು ಊದಿರಲಿಲ್ಲ, ಮುಖ ಊದಿರಲಿಲ್ಲ, ಹಾಗಾಗಿ ಯಾರೂ ಆ ಅಂಕಿಯನ್ನು ಮುಟ್ಟಿರಲಿಲ್ಲ. ನಮಗೂ ಅದೊಂದೇ ಸಮಾಧಾನವಾಗಿತ್ತು. ಸದ್ಯ, ಮಗು ಇಳಿದುಹೋಗಿಲ್ಲ ಎಂದು ಸೊಸೆ ದೇವರಿಗೆ ಕೈ ಮುಗಿಯುತ್ತಿದ್ದಳು.

"ಮೈ ಕರಗೇತಿ ಅಜ್ಜಿ" ಎಂದರು ಡಾಕ್ಟರು. "ಕರಗಿದ ಜಾಗಾದಾಗ ನೀರು ಕುಂತೇತಿ. ತಕ್ಕಡಿಗೆ ಮಾಂಸ ಯಾವ್ದು, ನೀರು ಯಾವ್ದು ತಿಳಿಯಂಗಿಲ್ಲ. ಆ ನೀರು ಒಳಗ ಇರೂತನಕ ಎಷ್ಟು ಗುಳಿಗಿ ಕೊಟ್ರೂ ಬಿ.ಪಿ. ಇಳಿಯಂಗಿಲ್ಲ."

ಮೊಮ್ಮಗಳು ಮಲಗಿದ್ದಲ್ಲಿಂದ ಎದ್ದು ಕೂತಳು. "ಹಂಗಾದ್ರೆ ನಾನು ಕದ್ದು ಕುಡೀತಿರಲಿಲ್ಲ, ಅಲ್ವಾ ಡಾಕ್ಟ್ರೇ?"

"ಇಲ್ಲವಾ. ತಗೀಬೇಕಾದವರು ನಾವು. ತಗೀದೇ ಬಿಟ್ಟೀವಿ."

ಅವಳು ಅತ್ತಳು. ಕಣ್ಣು ಹೋದಾಗಲೂ ಹಾಗೆ ಅತ್ತಿರಲಿಲ್ಲ.

ಅಲ್ಲಿಗೆ ಮುಗಿಯಿತೆಂದುಕೊಂಡೆ, ಎಲ್ಲಿ ಮುಗಿಯುತ್ತದೆ. ಒಂದೇ ಸಲ ಎಳೆದರೆ ಜೀವಕ್ಕೆ ಅಪಾಯ, ಸ್ವಲ್ಪಸ್ವಲ್ಪವೇ ತೆಗೆಯಬೇಕು ಎಂದು ಯಂತ್ರದ ಮೇಲೆ ಇಡುವ ಹೊತ್ತನ್ನು ಹೆಚ್ಚಿಸಿದರು. ಕೊನೆಯ ಅರ್ಧ ಗಂಟೆ ಅವಳ ಮೀನಖಂಡ ಕಲ್ಲಿನ ಹಾಗೆ ಸೆಟೆದುಕೊಳ್ಳುತ್ತಿತ್ತು. ನಾನು ಕಾಲು ತಿಕ್ಕುತ್ತಿದ್ದೆ, ಅವಳು ಮಂಚದ ಕಂಬಿಗೆ ಕೈ ಬಡಿಯುತ್ತಿದ್ದಳು. ಬಳೆಗಳು ಒಂದೊಂದೇ ಒಡೆದವು. ಹಬ್ಬದ ಬಳೆ ಆಸ್ಪತ್ರೆಯ ನೆಲದಲ್ಲಿ ಚೂರಾಗುವುದನ್ನು ನೋಡಲಾರದೆ ಕಣ್ಣು ಮುಚ್ಚಿಕೊಳ್ಳುತ್ತಿದ್ದೆ. ತೂಕ ಇಳಿಯಿತು, ಕೆನ್ನೆಯ ಮೂಳೆ ಎದ್ದಿತು, ಹುಡುಗಿ ಕಡ್ಡಿಯಾದಳು. ಬಿ.ಪಿ. ಮಾತ್ರ ನೂರ ತೊಂಬತ್ತರ ಆಸುಪಾಸಿನಿಂದ ಕದಲಲಿಲ್ಲ. ಸೊಸೆ ತಡೆಯಲಾರದೆ, ನನ್ನ ಮಗಳನ್ನು ಒಣಗಿಸಿ ಸಾಯಿಸುತ್ತಿದ್ದೀರಿ ಎಂದು ಡಾಕ್ಟರ ಎದುರಿಗೇ ಅಂದುಬಿಟ್ಟಳು. ಡಾಕ್ಟರು ಬೇಜಾರು ಮಾಡಿಕೊಳ್ಳಲಿಲ್ಲ. ನೀರು ಹೋದ ಮೇಲೂ ರಕ್ತನಾಳಗಳು ಸಡಿಲವಾಗಲು ವಾರಗಳೇ ಹಿಡಿಯುತ್ತವೆ, ಕಾಯಬೇಕು ಎಂದರು. ಕಾಯುವುದು ಎಷ್ಟು ಕಷ್ಟವೆಂದು ಯಂತ್ರದ ಪಕ್ಕದ ಸ್ಟೂಲಿನ ಮೇಲೆ ಕೂತವರಿಗೇ ಗೊತ್ತು. ನೂರ ತೊಂಬತ್ತು ಎಂದರೆ ಆ ರಾತ್ರಿ ಊಟವಿಲ್ಲ, ನೂರ ಎಂಬತ್ತೈದು ಎಂದರೆ ಒಂದು ತುತ್ತು.

ಆಮೇಲೆ ಒಂದು ವಾರ ನೂರ ಎಪ್ಪತ್ತು ಬಂತು. ಯಾರೂ ಏನೂ ಮಾತಾಡಲಿಲ್ಲ, ದೃಷ್ಟಿಯಾದೀತೆಂದು. ಒಂದು ಮಾತ್ರೆ ನಿಲ್ಲಿಸಿದರು. ಮತ್ತೊಂದು ನಿಲ್ಲಿಸಿದರು. ತೂಕ ನಲವತ್ತಮೂರಕ್ಕೆ ನಿಂತಿತು. ಇವತ್ತು ನೂರ ಮೂವತ್ತು.

ಆಸ್ಪತ್ರೆಯಿಂದ ಹೊರಬಂದವಳೇ ಅವಳನ್ನು ಬಳೆಗಾರನ ಹತ್ತಿರ ಕರೆದುಕೊಂಡು ಹೋದೆ. ಹಬ್ಬ ಇನ್ನೂ ದೂರವಿದೆ, ಇರಲಿ. ಆತ ಅವಳ ಕೈ ಹಿಡಿದು ನೋಡಿ ಅಳತೆಯಲ್ಲಿ ಎರಡು ಮೆಟ್ಟಿಲು ಕೆಳಗಿನದು ತೆಗೆದ. ಒಂದು ಡಜನ್, ಬಲಗೈಗೇ. ಸರಿಯಾಗಿ ಮಣಿಕಟ್ಟಿನಲ್ಲಿ ನಿಂತವು.

ಸಂಜೆ ಅಕ್ಕಿ ರೊಟ್ಟಿ ತಟ್ಟಿದೆ, ಈರುಳ್ಳಿ, ಹಸಿಮೆಣಸಿನಕಾಯಿ ಹಾಕಿ, ಉಪ್ಪಿಲ್ಲದೆ. ಜೊತೆಗೆ ಹೀರೇಕಾಯಿ ಪಲ್ಯ. ಮಗ ವ್ಯಾನನ್ನು ಬೇಗ ನಿಲ್ಲಿಸಿ ಬಂದ. ನಾಲ್ಕೂ ಜನ ನೆಲದ ಮೇಲೆ ಒಟ್ಟಿಗೆ ಕೂತೆವು. ಹೀಗೆ ಕೂತು ಎಷ್ಟು ಕಾಲವಾಗಿತ್ತೋ. ಸೊಸೆ ಮೊದಲ ತುತ್ತು ಬಾಯಿಗಿಟ್ಟು, ಇವತ್ತು ಉಪ್ಪು ಒಂದು ಕಲ್ಲು ಜಾಸ್ತಿಯಾಯಿತು ಅತ್ತೆ ಎಂದಳು. ಮೊಮ್ಮಗಳಿಗೆ ನಗುವಿನಲ್ಲಿ ಕೆಮ್ಮು ಬಂತು.

ಮಗ ಎದ್ದು ಹೋಗಿ ಬೀರುವಿನ ಬಾಗಿಲು ತೆರೆದ. ಫಿಲ್ಟರನ್ನು ಎತ್ತಿ ತಂದು ಅಡುಗೆಮನೆಯ ಕಟ್ಟೆಯ ಮೇಲೆ ಅದರ ಹಳೆಯ ಜಾಗದಲ್ಲಿ ಇಟ್ಟ. ಅವಳ ಲೋಟ ತುಂಬಿಸಿ ಮುಂದೆ ತಂದಿಟ್ಟು ಕೂತ. ಅವಳು ಲೋಟ ಎತ್ತಿ ಅರ್ಧ ಕುಡಿದಳು. "ಸಾಕಪ್ಪಾ, ಮಿಕ್ಕಿದ್ದು ಬೆಳಿಗ್ಗೆಗೆ" ಎಂದು ಮುಚ್ಚಿಟ್ಟು, ಇನ್ನೊಂದು ರೊಟ್ಟಿಗೆ ನನ್ನ ಕಡೆ ಕೈ ಚಾಚಿದಳು. ಹೊಸ ಬಳೆಗಳು ತಟ್ಟೆಯ ಅಂಚಿಗೆ ತಗುಲಿ ಸದ್ದಾದವು. ಬಿಸಿಯಾಗಿದ್ದುದನ್ನೇ ಆರಿಸಿ ಹಾಕಿದೆ.