ಜೌಗಿನಲ್ಲಿ ದಾರಿ ತೋರಿಸಿದ ಅವ್ವ

ಮೊನ್ನೆ ಯಾದಗಿರಿಯಲ್ಲಿ ಮನೆ ಬದಲಿಸುವಾಗ ಟ್ರಂಕಿನ ತಳದಲ್ಲಿ ನನ್ನ ಹಳೆಯ ದುರ್ಬೀನು ಸಿಕ್ಕಿತು. ಅದರ ಚರ್ಮದ ಚೀಲ ಬಿಚ್ಚಿದಾಗ ಒಣಗಿದ ಹೊಳೆ ಕೆಸರಿನ ವಾಸನೆ ಬಂತು. ಹರಿಗೋಲಿನ ಅವ್ವ ನೆನಪಾದಳು...

ಆಗ ನಾನು ಸುರಪುರದಲ್ಲಿ ಹೈಸ್ಕೂಲು ಮಾಸ್ತರ. ಕಾಲುವೆಗೆ ನೀರು ಬಂದು ಕೆಲವು ವರ್ಷಗಳಾಗಿದ್ದವು. ಗದ್ದೆಗಳಿಂದ ಬಸಿದ ನೀರು ತಿಂಥಣಿ ಹತ್ತಿರ ಕೃಷ್ಣೆಯ ದಂಡೆಯಲ್ಲಿ ನಿಂತು, ಜೊಂಡು ಬೆಳೆದು, ದೊಡ್ಡ ಜೌಗಾಗಿತ್ತು. ಹಕ್ಕಿ ನೋಡುವ ಹುಚ್ಚಿದ್ದ ನಾವು ಏಳೆಂಟು ಜನ ಭಾನುವಾರ ಬೆಳಿಗ್ಗೆ ಅಲ್ಲಿ ಸುತ್ತುತ್ತಿದ್ದೆವು. ಎಲ್ಲಿ ಕಾಲು ಹುಗಿಯುತ್ತದೆ, ಎಲ್ಲಿ ನೆಲ ಗಟ್ಟಿ ಎಂಬುದು ನಮಗೆ ತಿಳಿಯದು. ಹರಿಗೋಲು ಹಾಕಿ ಮೀನು ಹಿಡಿಯುತ್ತಿದ್ದ ಈ ಅವ್ವ ಮುಂದೆ ನಡೆದು ದಾರಿ ತೋರಿಸುತ್ತಿದ್ದಳು. ಅರವತ್ತು ದಾಟಿತ್ತು. ಸೀರೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿ ನಮಗಿಂತ ಚುರುಕಾಗಿ ನಡೆಯುತ್ತಿದ್ದಳು. ಹಕ್ಕಿಗಳ ಹೆಸರು ಮಾತ್ರ ನಾನೇ ಎಲ್ಲರಿಗೂ ಹೇಳುತ್ತಿದ್ದೆ. ಅದರ ಬಗ್ಗೆ ನನಗೆ ಸ್ವಲ್ಪ ಹೆಮ್ಮೆಯೂ ಇತ್ತು.

ಒಂದು ಬೇಸಿಗೆಯ ಭಾನುವಾರ ಜೌಗು ದಾಟಿ ಹರಳುಗಲ್ಲಿನ ನೆಲಕ್ಕೆ ಬಂದೆವು. ತಲೆಯ ಮೇಲೆ ಎರಡು ಟಿಟ್ಟಿಭ ಹಕ್ಕಿಗಳು ಸುತ್ತು ಹಾಕುತ್ತ ಒಂದೇ ಸಮನೆ ಕೂಗುತ್ತಿದ್ದವು. ಎಲ್ಲರಿಗೂ ತೋರಿಸುವ ಉಮೇದಿನಲ್ಲಿ ನಾನು ದುರ್ಬೀನು ಕಣ್ಣಿಗಿಟ್ಟುಕೊಂಡು ಹಿಂದಕ್ಕೆ ಎರಡು ಹೆಜ್ಜೆ ಸರಿದೆ. ಹಿಮ್ಮಡಿಯ ಕೆಳಗೆ ಏನೋ ಒಡೆಯಿತು. ನೋಡಿದರೆ ಮೊಟ್ಟೆಗಳು, ಕಲ್ಲುಗಳ ನಡುವೆ ಕಲ್ಲಿನದೇ ಬಣ್ಣ. ನಾಲ್ಕರಲ್ಲಿ ಎರಡು ಹೋಗಿದ್ದವು. ಒಂದರೊಳಗೆ ಮರಿಯ ಆಕಾರ ಮೂಡಿತ್ತು.

ಅವ್ವ ಅದನ್ನು ಕಂಡಳು. ಉಳಿದವರು ಇನ್ನೂ ಮೇಲೆ ನೋಡುತ್ತಿದ್ದರು.

"ಇಲ್ಲಿ ತತ್ತಿ ಅದಾವ, ಎಲ್ಲಾರೂ ನನ್ನ ಹಿಂದ ಬರ್ರಿ. ಹಿಂಗ ನಿಂತ್ರ ತಾಯಿ ಬಂದು ಕುಂಡ್ರಂಗಿಲ್ಲ, ಬಿಸಿಲಿಗೆ ಕೆಡ್ತಾವ," ಎಂದಳು. ಒಡೆದದ್ದರ ಮಾತೇ ತೆಗೆಯಲಿಲ್ಲ.

ಹರಿಗೋಲಿನ ಬಳಿ ನಾವಿಬ್ಬರೇ ಇದ್ದಾಗ, "ಅವ್ವಾ, ಮಂದಿಗೆ ಹೇಳಬ್ಯಾಡ," ಎಂದೆ.

"ನಾ ಯಾಕ ಹೇಳ್ಲಿರಿ. ನೀವ ಹೇಳ್ರಿ," ಎಂದಳು.

ನಾನು ಹೇಳಲಿಲ್ಲ. ಆ ದಿನ ಕಂಡ ಹಕ್ಕಿಗಳ ಪಟ್ಟಿಯಲ್ಲಿ 'ಟಿಟ್ಟಿಭ, ಎರಡು' ಎಂದಷ್ಟೇ ಬರೆದೆ. ಮುಂದಿನ ಎರಡು ಭಾನುವಾರ ಏನೇನೋ ನೆಪ ಹೇಳಿ ತಪ್ಪಿಸಿಕೊಂಡೆ. ಮೂರನೆಯ ಭಾನುವಾರ ಹೋಗಿ, ನಡಿಗೆ ಶುರುವಾಗುವ ಮೊದಲೇ ಎಲ್ಲರೆದುರು ಹೇಳಿಬಿಟ್ಟೆ. ಯಾರೂ ಬೈಯಲಿಲ್ಲ. ಆದರೆ ಅವ್ವ ಅಂದು ಬಂದಿರಲಿಲ್ಲ. ಮೈಯಲ್ಲಿ ಹುಷಾರಿಲ್ಲದೆ ಕೆಂಭಾವಿಗೆ, ಮಗಳ ಮನೆಗೆ ಹೋಗಿದ್ದಳಂತೆ. ತಿರುಗಿ ಬರುತ್ತಾಳಲ್ಲ, ಆಗ ತಿಳಿಸಿದರಾಯಿತು ಎಂದುಕೊಂಡೆ...

ಮಳೆಗಾಲ ಮುಗಿದ ಮೇಲೆ ನಾನೇ ಕೆಂಭಾವಿಗೆ ಹೋದೆ. ಅವ್ವ ತೀರಿಕೊಂಡು ತಿಂಗಳಾಗಿತ್ತು. ಮಗಳು ಚಹಾ ಕೊಟ್ಟು, "ಅವ್ವ ನಿಮ್ಮ ಸುದ್ದಿ ಹೇಳ್ತಿದ್ಲರಿ. ಮಾಸ್ತರ್ರಿಗೆ ಎಲ್ಲಾ ಹಕ್ಕಿ ಹೆಸರು ಬರ್ತಾವ ಅಂತಿದ್ಲು," ಎಂದಳು. ನಾನು ನಡೆದದ್ದನ್ನೆಲ್ಲ ಹೇಳಿದೆ. ಆಕೆ, "ಇದೊಂದು ಹೇಳಿರ್ಲಿಲ್ಲ ನೋಡ್ರಿ," ಎಂದಳು.

ಈಗ ನನಗೂ ಅವಳ ಅಂದಿನ ವಯಸ್ಸಾಗಿದೆ. ನಾನು ಎಲ್ಲರೆದುರು ಹೇಳಿದೆನೆಂಬುದು ಅವಳಿಗೆ ಗೊತ್ತಾಗಲೇ ಇಲ್ಲ.